ನಲವತ್ತು ಕರು, ತೊಂಬತ್ತು ದಿನ

ಏಳು ವರ್ಷದ ಹಿಂದೆ, ಕರುಗಳ ಕೊಟ್ಟಿಗೆಯ ಎದುರು ನಿಂತು ಅವನು ಅವಳಿಗೊಂದು ಮಾತು ಕೊಟ್ಟಿದ್ದ.

"ಇನ್ನು ಮೇಲೆ ನೀವು ಏನೇ ಕೇಳಿ. ಉತ್ತರ ಹೇಳದೆ ಇರಲ್ಲ. ಅದೂ ನಿಜವಾದ ಉತ್ತರ."

ಆಗ ಅವರಿಬ್ಬರ ಪರಿಚಯಕ್ಕೆ ಒಂದು ದಿನವೂ ತುಂಬಿರಲಿಲ್ಲ... ಆದರೆ ಆ ಒಂದು ದಿನದಲ್ಲಿ ಅವಳು ಅವನನ್ನು ಬೈದಷ್ಟು ಹುಟ್ಟಿದಾಗಿನಿಂದ ಯಾರನ್ನೂ ಬೈದಿರಲಿಲ್ಲ!

ನಡೆದದ್ದು ಇಷ್ಟು. ಆಗ ಅವಳು ಪಶುವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿನಿ. ಅವನು ಮಣ್ಣು ವಿಭಾಗದವನು. ಗೊಬ್ಬರದ ಪ್ರಯೋಗಕ್ಕೆ ಸಗಣಿ ಬೇಕೆಂದು ಎರಡು ಬಕೆಟ್ ಹಿಡಿದುಕೊಂಡು ಕೊಟ್ಟಿಗೆಗೆ ಬಂದಿದ್ದ. ಹೋಗುವಾಗ ಅವಳು ಕೂಗಿ ಕೇಳಿದ್ದಳು, "ಗೇಟ್ ಹಾಕಿದ್ರಾ?"

"ಹಾಕಿದೀನಿ!" ಎಂದಿದ್ದ, ತಿರುಗಿಯೂ ನೋಡದೆ.

ಅರ್ಧ ಗಂಟೆಯಲ್ಲಿ ಹನ್ನೊಂದು ಕರುಗಳು ಮೇವು ವಿಭಾಗದ ಪ್ರಯೋಗದ ತಾಕಿಗೆ ನುಗ್ಗಿ, ಯಾರದೋ ಮೂರು ವರ್ಷದ ಸಂಶೋಧನೆಯನ್ನು ಬುಡಸಮೇತ ಮೇಯ್ದು ಮುಗಿಸಿದ್ದವು.

ಬೈಗುಳವೆಲ್ಲ ಅವಳ ತಲೆಗೇ ಬಂತು. ಮರುದಿನ ಯಾರೂ ಕರೆಯದಿದ್ದರೂ ಅವನೇ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, "ಗೇಟ್ ಹಾಕದೆ ಹಾಕಿದೀನಿ ಅಂದವನು ನಾನು" ಎಂದು ಒಪ್ಪಿಕೊಂಡ. ಅಲ್ಲಿಂದ ನೇರ ಕೊಟ್ಟಿಗೆಗೆ ಬಂದು ಆ ಮಾತು ಕೊಟ್ಟ.

ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡೂ ಬಂದ.

"ನನ್ನ ಹೊಸ ಕನ್ನಡಕ ಹೇಗಿದೆ?"

"ಗೂಬೆ ಥರ ಕಾಣ್ತೀಯ."

"ಇವತ್ತಿನ ನನ್ನ ಉಪನ್ಯಾಸ?"

"ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಏನಾಯ್ತೋ ಗೊತ್ತಿಲ್ಲ, ಮಲಗಿಬಿಟ್ಟಿದ್ದೆ."

'ನೀವು' ಹೋಗಿ 'ನೀನು' ಆಯಿತು. ಇಬ್ಬರಿಗೂ ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸವಾಯಿತು. ಅವಳು ಎಲ್ಲರ ಬಾಯಲ್ಲಿ ಡಾಕ್ಟರಮ್ಮ, ಅವನು ಮಣ್ಣಿನ ಮೇಷ್ಟ್ರು. ಮಧ್ಯಾಹ್ನ ಕ್ಯಾಂಟೀನಿನ ಕಿಟಕಿಯ ಪಕ್ಕದ ಮೇಜು ಇಬ್ಬರಿಗೂ ಕಾಯಂ. ಅಲ್ಲಿ ಬೇರೆಯವರು ಕೂತರೆ ಕ್ಯಾಂಟೀನಿನವನೇ ಎಬ್ಬಿಸುತ್ತಿದ್ದ.

ಒಂದು ಶನಿವಾರ, ಕೊಟ್ಟಿಗೆಯ ನಲ್ಲಿಯ ಬಳಿ ಗಂಬೂಟು ತೊಳೆಯುತ್ತ, ಅವಳು ಅವನ ಮುಖ ನೋಡದೆ ಹೇಳಿದಳು.

"ಒಂದು ಪ್ರಶ್ನೆ ಇದೆ."

"ಕೇಳು."

"ನಮ್ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡ್ತೀಯಾ? ಅದೇ... ನಮ್ಮಿಬ್ಬರ ವಿಷಯ?"

ಅವನ ಎರಡೂ ಕಿವಿ ಕೆಂಪಾದವು. ಬಾಯಿ ತೆರೆದ. ಅವಳೇ ಕೈ ಎತ್ತಿ ತಡೆದಳು.

"ಈಗಲೇ ಬೇಡ. ಇದು ಕನ್ನಡಕದ ವಿಷಯ ಅಲ್ಲ. ನಿಮ್ಮಮ್ಮನ ಹತ್ತಿರ ಮಾತಾಡು. ಸೋಮವಾರ ಹೇಳು, ಎರಡು ದಿನ ರಿಯಾಯಿತಿ!"

ಅವನು ನಕ್ಕ. ಆ ನಗುವಿನಲ್ಲೇ ಉತ್ತರವಿತ್ತು ಎಂದುಕೊಂಡಳು ಅವಳು.

ಸೋಮವಾರ ಬಂತು. ಅಂದೇ ಅವಳ ದೊಡ್ಡ ಪ್ರಯೋಗವೂ ಶುರುವಾಗುವುದಿತ್ತು.

ಎಳೆಗರುಗಳಿಗೆ ಬರುವ ಭೇದಿಗೆ ಅವಳೊಂದು ಪುಡಿ ಕಂಡುಹಿಡಿದಿದ್ದಳು. ಒಂದೇ ವಾರದಲ್ಲಿ ಹುಟ್ಟಿದ ನಲವತ್ತು ಕರು. ಇಪ್ಪತ್ತಕ್ಕೆ ಔಷಧದ ಪುಡಿ, ಇಪ್ಪತ್ತಕ್ಕೆ ಬರೀ ಹಿಟ್ಟು. ನೋಡಲು ಎರಡೂ ಒಂದೇ. ಪೊಟ್ಟಣದ ಮೇಲೆ ಕರುವಿನ ಕಿವಿಯೋಲೆಯ ನಂಬರು ಮಾತ್ರ. ಯಾವ ನಂಬರಿಗೆ ಯಾವುದು ಎಂಬುದು ಒಬ್ಬರಿಗೆ ಮಾತ್ರ ಗೊತ್ತು. ಅವರೇ ಪೊಟ್ಟಣ ಕಟ್ಟಿ ಕಳಿಸುವವರು. ದಿನಾ ಬೆಳಿಗ್ಗೆ ಸಗಣಿ ನೋಡಿ ಅಂಕ ಹಾಕುವ ಅವಳಿಗೆ ಅದು ತಿಳಿಯಲೇಬಾರದು. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ.

ಎರಡು ವರ್ಷದ ಹಿಂದೆ ಅದೇ ಆಗಿತ್ತು. ಯಾರೋ ಕೆಲಸದವರು ಬಕೆಟ್ಟಿನ ಮೇಲೆ 'ಔಷಧಿ' ಎಂದು ಬರೆದಿಟ್ಟಿದ್ದರು, ಅದು ಅವಳ ಕಣ್ಣಿಗೆ ಬಿದ್ದಿತ್ತು. ಇಡೀ ಪ್ರಯೋಗವನ್ನು ಹೊರಗಿನ ತಜ್ಞರು ತಳ್ಳಿಹಾಕಿದ್ದರು. ಆ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದು ಅವನ ಹೆಗಲ ಮೇಲೆಯೇ.

ಅದಕ್ಕೇ ಮುಖ್ಯಸ್ಥರು ಈ ಸಲ ಹೊಸ ನಿಯಮ ಮಾಡಿದ್ದರು. ಅವರು ಮೇಜಿನ ಖಾನೆಯಿಂದ ಹಿಡಿದು ಚಹಾದ ಡಬ್ಬಿಯವರೆಗೆ ಎಲ್ಲಕ್ಕೂ ಬೀಗ ಹಾಕುವವರು, ಬೀಗದ ಸರ್ ಎಂದೇ ಪ್ರಸಿದ್ಧರು. "ಗುಟ್ಟು ಯಾರ ಹತ್ತಿರ ಇದೆ ಅನ್ನೋದೂ ಗುಟ್ಟು!" ಎಂದುಬಿಟ್ಟರು. ಆದರೂ ಅದು ಸಂಖ್ಯಾಶಾಸ್ತ್ರದ ಮೇಡಂ ಬಳಿಯೇ ಇರುವುದೆಂದು ಎಲ್ಲರಿಗೂ ಗೊತ್ತಿತ್ತು. ಅಂಥ ಕೆಲಸ ಯಾವಾಗಲೂ ಅವರದೇ.

ಮೊದಲ ದಿನದ ಕೆಲಸ ಮುಗಿಸಿ ಅವಳು ಕ್ಯಾಂಟೀನಿಗೆ ಓಡಿದಳು. ಕಿಟಕಿಯ ಪಕ್ಕ ಕೂತು ಬಾಗಿಲನ್ನೇ ನೋಡಿದಳು.

ಅವನು ಬಂದ. ಅವಳನ್ನು ಕಂಡ. ಹೊಸಿಲಿನಲ್ಲೇ ತಿರುಗಿ ಹೊರಟುಹೋದ.

ಏನೋ ಮರೆತಿರಬೇಕು, ಬರ್ತಾನೆ... ಎಂದುಕೊಂಡಳು. ಚಹಾ ಆರಿತು. ಅವನು ಬರಲಿಲ್ಲ. ಫೋನು ಎತ್ತಲಿಲ್ಲ. ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ. ಎದುರು ಸಿಕ್ಕರೆ "ಕೆಲಸ ಇದೆ" ಎಂಬ ಎರಡೇ ಪದ.

'ಅವನ ಅಮ್ಮ ಬೇಡ ಅಂದ್ರಾ? ಇಲ್ಲಾ ಅವನಿಗೇ ಬೇಡವಾ? ಬೇಡ ಅನ್ನೋಕೂ ಬಾಯಿ ಬರಲ್ವಾ?'

ಕರುಗಳಿಗೆ ಹಾಲು ಕುಡಿಸುವ ಹಾಲಕ್ಕನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಏನ್ ಡಾಕ್ಟರಮ್ಮ, ನಮ್ಮ ಮಣ್ಣಿನ ಮೇಷ್ಟ್ರು ಈ ಕಡೆ ತಲೆನೇ ಹಾಕ್ತಿಲ್ವಲ್ಲ? ಸಗಣಿ ಬೇಡವಂತಾ?"

"ಅವರಿಗೆ ಕೆಲಸ ಜಾಸ್ತಿಯಂತೆ, ಹಾಲಕ್ಕ."

"ಹ್ಞಾಂ! ಕೆಲಸ ಜಾಸ್ತಿ ಇರೋ ಗಂಡಸ್ರು ಊರಲ್ಲಿ ಬೇಕಾದಷ್ಟಿದಾರೆ. ನಿಮ್ಮನ್ನ ಕಂಡ್ರೆ ದಾರಿ ಬದಲಿಸೋನು ಇವ್ನೊಬ್ಬನೇ. ಮೊನ್ನೆ ನೀವು ಕರು ಹಿಡ್ಕೊಂಡು ಹೋಗ್ತಿದ್ರಿ ನೋಡಿ, ಬೇಲಿ ಹಾರಿ ಹೋದ ಪುಣ್ಯಾತ್ಮ!"

ಹಾಲಕ್ಕ ನಗಿಸಲೆಂದೇ ಹೇಳಿದ್ದಳು. ಡಾಕ್ಟರಮ್ಮನಿಗೆ ಮಾತ್ರ ಎದೆಗೆ ಮುಳ್ಳು ಮುರಿದಂತಾಯಿತು. ಅದು ಅವಳೂ ಗಮನಿಸಿದ್ದೇ. ಅವಳ ಜೊತೆ ಕರು ಇದ್ದರೆ ಅವನು ಇನ್ನೂ ಬೇಗ ಮುಖ ತಿರುಗಿಸುತ್ತಿದ್ದ. ಇಷ್ಟು ವರ್ಷ ಇಲ್ಲದ ಅಸಹ್ಯ ಈಗ ಬಂತೇ? ಮದುವೆ ಎಂದ ಕೂಡಲೇ ಸಗಣಿ ನಾರತೊಡಗಿತೇ?

ನಲವತ್ತೊಂದನೆಯ ದಿನ ಇಪ್ಪತ್ತಮೂರನೆಯ ನಂಬರಿನ ಕರು ಮಲಗಿಬಿಟ್ಟಿತು. ಬಿಳಿ ಹಣೆಯ ಹೆಣ್ಣುಗರು. ಕಣ್ಣು ಗುಳಿ ಬಿದ್ದಿತ್ತು, ಮೂತಿ ತಣ್ಣಗಿತ್ತು. ಅಷ್ಟು ಕಾಯಿಲೆ ಬಿದ್ದರೆ ಯಾವ ಗುಂಪಿನದಾದರೂ ಚಿಕಿತ್ಸೆ ಕೊಡುವುದು ನಿಯಮ. ಅವಳು ಅದನ್ನು ಎತ್ತಿಕೊಂಡು ಚಿಕಿತ್ಸಾ ಕೋಣೆಗೆ ಓಡುತ್ತಿದ್ದಾಗ ತಿರುವಿನಲ್ಲಿ ಅವನು ಎದುರಾದ.

ಅವನ ನೋಟ ಕರುವಿನ ಕಿವಿಯೋಲೆಗೆ ಹೋಯಿತು. ಮುಖ ಸುಣ್ಣದಂತೆ ಬಿಳಿಚಿತು. ತಟ್ಟನೆ ಗೋಡೆಯ ಕಡೆ ತಿರುಗಿದ.

ಅವಳ ತಾಳ್ಮೆ ಅಲ್ಲಿಗೆ ಹರಿಯಿತು.

"ಏನ್ ಕೇಳಿದ್ರೂ ಉತ್ತರ ಹೇಳ್ತೀನಿ ಅಂದಿದ್ದೆ. ಹೌದೋ ಅಲ್ವೋ?"

ಅವನು ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ನಾನು ನಿನ್ನನ್ನ ಬೇಡ್ತಿಲ್ಲ ಕಣೋ. ಬರಲ್ಲ ಅಂದ್ರೆ ಬರಲ್ಲ ಅನ್ನು! ಒಂದೇ ಪದ!"

ಅವನು "ಕೆಲಸ ಇದೆ" ಎಂದ. ಓಡಿದಂತೆ ನಡೆದುಹೋದ.

ಅವಳು ಅಲ್ಲಿ ನಿಂತು ಅಳಲಿಲ್ಲ. ತೋಳಿನಲ್ಲಿ ಜೀವವೊಂದು ಇತ್ತು. ಅದಕ್ಕೆ ಸಲೈನ್ ಹಾಕಿದಳು, ಹೊದಿಕೆ ಹೊದಿಸಿದಳು, ಸಂಜೆಯವರೆಗೆ ಕಾಲು ತಿಕ್ಕಿದಳು. ಕರು ಎದ್ದು ನಿಂತು ಅವಳ ಕೋಟಿನ ಗುಂಡಿ ಚೀಪಿದ ಮೇಲೆಯೇ ಕೈ ತೊಳೆದು, ದೂರದ ಬೆಟ್ಟದ ಮೇಲಿನ ಕುರಿ ಸಂಶೋಧನಾ ಕೇಂದ್ರಕ್ಕೆ ವರ್ಗ ಕೇಳಿ ಅರ್ಜಿ ಬರೆದಳು.

ಅಪ್ಪ ಅದೇ ವಿಶ್ವವಿದ್ಯಾಲಯದ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಗಳ ಮುಖ ನೋಡಿಯೇ ಎಂಜಿನ್ನಿನ ಸದ್ದು ತಿಳಿಯುತ್ತಿತ್ತು ಅವರಿಗೆ.

"ಹೋಗ್ತಿದೀಯೋ, ಓಡಿ ಹೋಗ್ತಿದೀಯೋ ಮಗಳೇ?"

"ಹೋಗ್ತಿದೀನಪ್ಪಾ. ಅಲ್ಲಿ ನೂರಾರು ಕುರಿ, ಇರೋದು ಒಬ್ಬ ಡಾಕ್ಟರು. ನಾನು ಬೇಕು ಅಲ್ಲಿಗೆ."

"ಹಾಗಾದ್ರೆ ಸರಿ. ರಿವರ್ಸ್ ಗೇರಲ್ಲಿ ಬೆಟ್ಟ ಹತ್ತೋಕಾಗಲ್ಲ, ಅದಕ್ಕೆ ಕೇಳಿದೆ."

ಅರ್ಜಿ ಮಂಜೂರಾಯಿತು. ಪ್ರಯೋಗ ಮುಗಿದ ಮೇಲೆ ಹೊರಡಬೇಕು. ಉಳಿದ ದಿನಗಳಲ್ಲಿ ಅವಳು ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಮನಸ್ಸು ಎಷ್ಟೇ ಕದಡಿರಲಿ, ಸಗಣಿಗೆ ಹಾಕಿದ ಅಂಕ ಕದಡಲಿಲ್ಲ!

ತೊಂಬತ್ತು ದಿನ ಮುಗಿಯಿತು. ಗುಟ್ಟು ಒಡೆಯುವ ದಿನ ಸಭೆಯ ಕೋಣೆ ತುಂಬಿತ್ತು. ಹಾಲಕ್ಕನಿಗೂ ಕುರ್ಚಿ ಹಾಕಿಸಿದ್ದಳು ಅವಳು. ಸಂಖ್ಯಾಶಾಸ್ತ್ರದ ಮೇಡಂ ಪಕ್ಕದವರಿಗೆ ಮೊಮ್ಮಗುವಿನ ಫೋಟೋ ತೋರಿಸುತ್ತಿದ್ದರು.

"ಗುಟ್ಟಿನವರು ಬರಲಿ" ಎಂದರು ಬೀಗದ ಸರ್.

ಮೇಡಂ ಏಳಲೇ ಇಲ್ಲ.

ಬಾಗಿಲು ತೆರೆಯಿತು. ಮಣ್ಣಿನ ಮೇಷ್ಟ್ರು ಒಳಗೆ ಬಂದ. ಕೈಯಲ್ಲಿ ಅರಗಿನ ಮುದ್ರೆಯ ಲಕೋಟೆ.

ಇವನ್ಯಾಕೆ ಇಲ್ಲಿ...? ಬಾಗಿಲು ತಪ್ಪಿ ಬಂದನಾ?

"ಮೇಡಂ ಮಗಳಿಗೆ ದಿನ ತುಂಬೋ ಮುಂಚೆ ಹೆರಿಗೆ ಆಯ್ತು" ಎಂದರು ಬೀಗದ ಸರ್. "ಪ್ರಯೋಗದ ಹಿಂದಿನ ದಿನ, ಭಾನುವಾರ, ಅವರು ಹೊರಟುಬಿಟ್ಟರು. ಕರುಗಳ ವಯಸ್ಸು ನಮಗೋಸ್ಕರ ಕಾಯುತ್ತಾ? ಮಣ್ಣಿನ ಲ್ಯಾಬಲ್ಲಿ ತಕ್ಕಡಿ ಇದೆ, ಇವರ ಬಾಯಿಗೆ ಬೀಗ ಇದೆ. ಇವರಿಗೆ ವಹಿಸಿದೆ."

ಭಾನುವಾರ!

ಅವಳ ಕೈಯಿಂದ ಪೆನ್ನು ಜಾರಿತು. ತಿರುವಿನಲ್ಲಿ ಬಿಳಿಚಿದ ಆ ಮುಖ, ಹಾರಿದ ಆ ಬೇಲಿ, ಕರು ಕಂಡರೆ ತಿರುಗುತ್ತಿದ್ದ ಆ ಕಣ್ಣು... ಅವನು ಓಡಿದ್ದು ಸಗಣಿಯ ವಾಸನೆಗಲ್ಲ. ಕಿವಿಯೋಲೆಯ ನಂಬರಿಗೆ. ಪ್ರತಿ ನಂಬರಿನ ಗುಟ್ಟೂ ಅವನ ತಲೆಯಲ್ಲಿತ್ತು! ನಲವತ್ತು ಕರುಗಳ ಕಾಯಿಲೆಯನ್ನು ಕಣ್ಣಲ್ಲೇ ಗುರುತಿಸುವ ಡಾಕ್ಟರಮ್ಮನಿಗೆ ಇದೊಂದು ಹೊಳೆದಿರಲಿಲ್ಲ.

ಲಕೋಟೆ ಒಡೆಯಿತು. ಔಷಧ ತಿಂದ ಇಪ್ಪತ್ತರಲ್ಲಿ ಹದಿನೇಳು ಕರುಗಳಿಗೆ ಭೇದಿಯೇ ಬಂದಿರಲಿಲ್ಲ. ಹಿಟ್ಟು ತಿಂದವುಗಳಲ್ಲಿ ಹದಿಮೂರಕ್ಕೆ ಬಂದಿತ್ತು. ಪುಡಿ ಗೆದ್ದಿತ್ತು. ಯಾರೂ ಬೆರಳು ತೋರಿಸಲಾಗದಂತೆ ಗೆದ್ದಿತ್ತು! ಹಾಲಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಇಬ್ಬರೇ ಉಳಿದರು.

"ಇಪ್ಪತ್ತಮೂರು?" ಎಂದಳು.

"ಬರೀ ಹಿಟ್ಟು. ಆ ದಿನ ನೀನು ಅದನ್ನ ಎತ್ಕೊಂಡು ನಿಂತಿದ್ದೆ. ನನಗೆ ಗೊತ್ತಿತ್ತು. ಇನ್ನೊಂದು ಕ್ಷಣ ನಿಂತಿದ್ರೆ ನನ್ನ ಮುಖವೇ ಹೇಳಿಬಿಡ್ತಿತ್ತು."

"ಮಾತಾಡೋ ಹಾಗಿಲ್ಲ ಅಂತಾದ್ರೂ ಹೇಳಬಹುದಿತ್ತಲ್ವಾ?"

"ಹೇಳಿದ್ರೆ ಗುಟ್ಟು ನನ್ನ ಹತ್ತಿರ ಇದೆ ಅಂತ ಆ ಕ್ಷಣವೇ ನಿನಗೆ ಗೊತ್ತಾಗ್ತಿತ್ತು. ಆಮೇಲೆ ದಿನಾ ನನ್ನ ಮುಖ ಓದ್ತಿದ್ದೆ. ಬೇಕು ಅಂತ ಅಲ್ಲ... ನಿನಗೆ ಅಭ್ಯಾಸ ಆಗಿಹೋಗಿದೆ. ಸರ್ ಹತ್ತಿರ ಮೊದಲೇ ಹೇಳಿದ್ದೆ, ಅವಳೂ ನಾನೂ ಪರಿಚಯಕ್ಕಿಂತ ಜಾಸ್ತಿ ಅಂತ. ಹಾಗಾದ್ರೆ ಬಾಯಿ ಜೊತೆ ಕಣ್ಣೂ ಮುಚ್ಕೊಳ್ಳಿ ಅಂದ್ರು."

ಅವಳ ಕಣ್ಣು ತುಂಬಿತು. ಸಿಟ್ಟೂ ತುಂಬಿತು.

"ತೊಂಬತ್ತು ದಿನ ನಾನು ಏನೇನು ಅಂದ್ಕೊಂಡೆ ಗೊತ್ತಾ ನಿನಗೆ? ನನ್ನ ಕೋಟು ಮೂಸಿ ನೋಡ್ಕೊಂಡಿದೀನಿ!"

"ಗೊತ್ತು. ಸಮಜಾಯಿಷಿ ಕೊಡಲ್ಲ. ಅವತ್ತು ನನ್ನ ಹೆಗಲ ಮೇಲೆ ಅತ್ತಿದ್ದೆಯಲ್ಲ... ಎರಡನೇ ಸಲ ಅದೇ ಕಾರಣಕ್ಕೆ ನೀನು ಅಳೋದು ಬೇಡ ಅನ್ನಿಸ್ತು. ಬೇರೆ ಕಾರಣಕ್ಕೆ ಅಳಿಸಿಬಿಟ್ಟೆ. ತಪ್ಪು ತಪ್ಪೇ."

ಅವಳು ಮೂಗೊರೆಸಿಕೊಂಡಳು. ಬೈಯಲು ಇನ್ನೂ ಬೇಕಾದಷ್ಟಿತ್ತು. ಅದಕ್ಕೊಂದು ಜನ್ಮವಿಡೀ ಬೇಕು ಅನ್ನಿಸಿತು.

"ಅಂದಹಾಗೆ, ನಾನು ಬೆಟ್ಟಕ್ಕೆ ಹೋಗೋದು ಖಂಡಿತ. ನಿನ್ನ ಮೇಲಿನ ಸಿಟ್ಟಿಗೆ ಅರ್ಜಿ ಬರೆದೆ. ಈಗ ಕುರಿಗಳ ಮೇಲಿನ ಆಸೆಗೆ ಹೋಗ್ತೀನಿ."

"ಹೋಗು. ಮಣ್ಣು ಅಲ್ಲೂ ಇರುತ್ತೆ. ನಾನೂ ವರ್ಗ ಕೇಳ್ತೀನಿ."

"ಸಿಗದೇ ಇದ್ರೆ?"

"ವಾರಕ್ಕೊಂದು ಸಲ ಬಸ್ಸು ಹತ್ತಿ ಬರ್ತೀನಿ. ಎಂಟು ಗಂಟೆ ದಾರಿ. ವಿಚಾರಿಸಿ ಆಯ್ತು."

ಅವಳಿಗೆ ನಗು ಬಂತು. ತಡೆಯಲಿಲ್ಲ.

"ಈಗ ನನ್ನ ಪ್ರಶ್ನೆಗೆ ಉತ್ತರ?"

"ಬರ್ತೀನಿ. ಆ ಶನಿವಾರ ರಾತ್ರಿಯೇ ಅಮ್ಮನಿಗೆ ಹೇಳಿದ್ದೆ. ತೊಂಬತ್ತು ದಿನದಿಂದ ದಿನಾ ಕೇಳ್ತಿದಾರೆ, ಯಾವಾಗ ಹೋಗೋದು, ಆ ಹುಡುಗಿ ಮನಸ್ಸು ಬದಲಾಯಿಸಿದ್ರೆ ನಿನ್ನನ್ನ ಯಾರು ತಗೋತಾರೆ ಅಂತ."

"ಯಾರೂ ತಗೊಳ್ಳಲ್ಲ. ಭಾನುವಾರ ಹತ್ತು ಗಂಟೆಗೆ ಬಾ. ಅಪ್ಪ ಎಂಜಿನ್ ಬಿಚ್ಚಿದ ಹಾಗೆ ಬಿಚ್ಚಿ ನೋಡ್ತಾರೆ."

"ನೋಡ್ಲಿ." ಅವನು ಹಿಂಜರಿಯುತ್ತ ಕೈ ಚಾಚಿದ. "ಇನ್ನೊಂದು ಸಲ ಮಾತು ಕೊಡ್ಲಾ?"

ಅವಳು ಆ ಕೈಯನ್ನು ತನ್ನೆರಡೂ ಕೈಯೊಳಗೆ ಮುಚ್ಚಿಕೊಂಡಳು.

"ಬೇಡ. ಬಾ, ಸಾಕು."

ಏಳು ವರ್ಷದ ಹಿಂದೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ. ತೊಂಬತ್ತು ದಿನ ಅದನ್ನು ಮುರಿದ, ಅವಳ ಪ್ರಯೋಗ ಮುರಿಯದಿರಲೆಂದು.