ಹೇಮಾವತಿ ಕ್ಲಬ್ಬಿನ ಕಾಫಿ

ಸಭೆಯಲ್ಲಿ ಮೊದಲು ನಕ್ಕವರು ಯಾರೆಂದು ಪ್ರಸನ್ನಕುಮಾರನಿಗೆ ಕೊನೆಗೂ ತಿಳಿಯಲಿಲ್ಲ. ಮಾತಾಡಿದವರು ಜಾವಳಿಯ ಚಂದ್ರಶೇಖರ ಗೌಡರು, ಅದರಲ್ಲಿ ಅನುಮಾನವಿರಲಿಲ್ಲ. ನಗು ಮಾತ್ರ ಹಿಂದಿನ ಬೆಂಚುಗಳಲ್ಲೆಲ್ಲೋ ಹುಟ್ಟಿ ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಕೊನೆಗೆ ಅಲ್ಲಿ ನಗದೆ ಉಳಿದವನು ಅವನೊಬ್ಬನೇ ಆದ.

ಅದು ೧೯೯೭ರ ಜನವರಿ. ಬಣಕಲ್ಲಿನ ಹೇಮಾವತಿ ಫುಟ್‌ಬಾಲ್ ಕ್ಲಬ್ಬಿಗೆ ಬೇರೊಂದು ತರಬೇತಿ ಮೈದಾನ ಬೇಕು, ಅದಕ್ಕೆ ದುಡ್ಡು ಎಲ್ಲಿಂದ ಎಂದು ಚರ್ಚಿಸಲು ಅಭಿಮಾನಿಗಳು ಶಾಲೆಯ ಹಾಲಿನಲ್ಲಿ ಸೇರಿದ್ದರು. ಇದ್ದ ಮೈದಾನ ಜೂನ್ ಬಂತೆಂದರೆ ಕೆಸರುಗದ್ದೆ. ಮಳೆ ಹಿಡಿದಷ್ಟೂ ಕಾಲ ಕೋಚ್ ಬೊಮ್ಮಯ್ಯ ಹುಡುಗರನ್ನು ಯಾವುದಾದರೂ ಎಸ್ಟೇಟಿನ ಕಾಫಿ ಒಣಗಿಸುವ ಸಿಮೆಂಟು ಕಣದಲ್ಲಿ ಓಡಿಸುತ್ತಿದ್ದ. ಮಳೆ ಬಿಡುವ ಹೊತ್ತಿಗೆ ಎಲ್ಲರ ಮೊಣಕಾಲೂ ಕಿತ್ತುಹೋಗಿರುತ್ತಿತ್ತು. ಎಂಎಲ್‌ಎ ಹತ್ತಿರ ಕೇಳೋಣ ಎಂದರು ಕೆಲವರು. ಹಾಗೆ ಕೇಳಿದರೆ ಟೀಮಿನಲ್ಲಿ ಆಡುವವರನ್ನೂ ಅವರೇ ಆರಿಸುತ್ತಾರೆ ಎಂದರು ಇನ್ನು ಕೆಲವರು. ಹೆದ್ದಾರಿ ಪಕ್ಕದ ಹಳೆಯ ಮೈದಾನವನ್ನೇ ಮಾರಿಬಿಡಿ ಎಂದವನನ್ನು ಗದರಿ ಕೂರಿಸಿದರು. ದೊಡ್ಡ ಪ್ಲಾಂಟರುಗಳ ಮುಂದೆ ಕೈಚಾಚಿದರೆ ನಾಳೆ ಕೂಲಿಗಳ ಲೈನ್‌ಮನೆಯ ಹುಡುಗರಿಗೆ ಗೇಟು ತೆಗೆಯುವವರು ಯಾರು ಎಂದು ಕೂಲಿಯವರ ಕಡೆಯಿಂದ ಪ್ರಶ್ನೆ ಬಂತು.

ಆಗ ಪ್ರಸನ್ನಕುಮಾರ ಎದ್ದು ನಿಂತಿದ್ದ. ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು ಮಾರುವುದು ಅವನ ವ್ಯಾಪಾರ, ಅದು ತಂದೆ ಓಂಕಾರಪ್ಪನವರಿಂದ ಬಂದದ್ದು. ಟೀಮಿನ ಜರ್ಸಿ ಅವನು ಹೊಲಿಸಿದ್ದು, ಪರಸ್ಥಳದ ಮ್ಯಾಚಿಗೆ ವ್ಯಾನು ಅವನು ಮಾಡಿಸುತ್ತಿದ್ದದ್ದು. ಗೋಣಿಬೀಡಿನಲ್ಲಿ ಬಸ್ಸು ನಿಲ್ಲುವಲ್ಲೇ ತನ್ನದೊಂದು ಸಮತಟ್ಟು ಜಾಗವಿದೆ, ಅದನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತೇನೆ, ಮೈದಾನಕ್ಕೆ ತಂದೆಯ ಹೆಸರಿಟ್ಟರೆ ಸಾಕು ಎಂದ.

ಚಂದ್ರಶೇಖರ ಗೌಡರು ಒಂದು ಕಾಲದಲ್ಲಿ ಟೀಮಿನ ಕ್ಯಾಪ್ಟನ್. ಅವರು ಬಾಯಿ ಬಿಟ್ಟರೆ ಸಾಕು, ಜನ ಕಿವಿ ಕೊಡುತ್ತಿದ್ದರು.

“ಜಾಗ ಕೊಡ್ತೀನಿ ಅಂದಿದ್ದು ದೊಡ್ಡ ಮಾತು ಮಾರಾಯ,” ಎಂದರು. “ಆದ್ರೆ ಓಂಕಾರಪ್ಪನವ್ರ ಹೆಸರಿಟ್ರೆ ಗೋಲ್‌ಪೋಸ್ಟೂ ಒಂದಡಿ ಕಮ್ಮಿ ಆಗ್ಬಹುದು.”

ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಓಂಕಾರಪ್ಪನವರ ತಕ್ಕಡಿಗೆ ಕಾಫಿ ಏರಿಸಿದ ಪ್ರತಿ ಮನೆಯಲ್ಲೂ, ಮೂಟೆಗೆ ಒಂದಿಷ್ಟು ಎಲ್ಲಿಗೋ ಹೋಗುತ್ತದೆ ಎಂಬ ಮಾತಿತ್ತು. ಅದು ಸುಳ್ಳಾಗಿದ್ದರೆ ಪ್ರಸನ್ನಕುಮಾರ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದ. ಅಪ್ಪ ತೀರಿಕೊಂಡ ವಾರದಲ್ಲೇ ಆ ತಕ್ಕಡಿಯನ್ನು ಬಿಚ್ಚಿ ಗುಜರಿಗೆ ಹಾಕಿದವನು ಅವನೇ. ಅಂದಿನಿಂದ ಒಂದು ಹಿಡಿ ಕಾಫಿಯೂ ಅವನ ಕೈಯಲ್ಲಿ ಹೆಚ್ಚುಕಡಿಮೆ ಆಗಿರಲಿಲ್ಲ. ಅದನ್ನು ಯಾರೂ ಗಮನಿಸಿಯೇ ಇಲ್ಲವೆಂಬುದು ಆ ನಗುವಿನಲ್ಲಿ ಅವನಿಗೆ ಗೊತ್ತಾಯಿತು.

ಸಭೆ ಕೊನೆಗೆ ಬೇರೆಯೇ ತೀರ್ಮಾನಕ್ಕೆ ಬಂತು. ಕಾಫಿಗೆ ಎಂದೂ ಇಲ್ಲದ ಬೆಲೆ ಬರುತ್ತಿದ್ದ ವರ್ಷ ಅದು. ಯಾರೂ ದುಡ್ಡು ಕೊಡುವುದು ಬೇಡ, ಪ್ರತಿ ಬೆಳೆಗಾರನೂ ತನ್ನ ಕೈಲಾದಷ್ಟು ಒಣಗಿದ ಕಾಫಿ ಕೊಡಲಿ, ಬೆಲೆ ಇನ್ನೂ ಏರಿದಾಗ ಒಟ್ಟಿಗೆ ಮಾರಿ ಮೈದಾನ ಮಾಡೋಣ ಎಂದಾಯಿತು. ಜಾಗ ಚಂದ್ರಶೇಖರ ಗೌಡರದ್ದು, ಜಾವಳಿಯಲ್ಲಿ. ಇನ್ನು ಅಷ್ಟು ಮೂಟೆ ಇಡುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಪ್ರಸನ್ನಕುಮಾರನ ಕಡೆ ತಿರುಗಿದರು. ಸಿಮೆಂಟು ನೆಲದ, ಒಂದು ಹನಿ ಸೋರದ ದೊಡ್ಡ ಗೋದಾಮು ಬಣಕಲ್ಲಿನಲ್ಲಿ ಇದ್ದದ್ದು ಅವನೊಬ್ಬನದೇ. ಅಪ್ಪನ ತಕ್ಕಡಿಗೆ ನಕ್ಕ ಬಾಯಲ್ಲೇ ಮಗನಿಗೆ ಮೂಟೆ ಒಪ್ಪಿಸುತ್ತಿದ್ದಾರೆ! ಅದು ನಂಬಿಕೆಯೂ ಇರಬಹುದಿತ್ತು. ಅವನಿಗೆ ಅದು ತಾತ್ಸಾರವಾಗಿ ಕಂಡಿತು.

“ಆಗ್ಲಿ ಚಂದ್ರಣ್ಣ,” ಎಂದ. “ನಮ್ಮಲ್ಲೇ ಇರ್ಲಿ.”

ಮನೆಗೆ ಬಂದಾಗ ತಾಯಿ ಕಲ್ಲಮ್ಮ ಜಗಲಿಯಲ್ಲೇ ಕಾದಿದ್ದರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾತೆತ್ತಿದರೆ ಮುಂದಿನ ವರ್ಷ ಎನ್ನುತ್ತಿದ್ದರು. ಸಭೆಯಲ್ಲಿ ಏನಾಯಿತು, ಅಪ್ಪನ ಹೆಸರಿಗೆ ಒಪ್ಪಿದರಾ ಎಂದು ಕೇಳಿದರು. ಎಲ್ಲರೂ ಒಪ್ಪಿದರು ಎಂದ. ಕಲ್ಲಮ್ಮ ಎದ್ದು, ಗೋಡೆ ಹಿಡಿದುಕೊಂಡು ದೇವರ ಮನೆಗೆ ಹೋಗಿ ದೀಪ ಹಚ್ಚಿದರು. ಅವನು ಬಾಗಿಲಲ್ಲೇ ನಿಂತು ನೋಡಿದ. ಆ ಮೈದಾನದಲ್ಲಿ ಬೇರೆ ಯಾವ ಹೆಸರಿನ ಬೋರ್ಡೂ ಏಳಕೂಡದು ಎಂದು ನಿಶ್ಚಯಿಸಿದ್ದು ಆಗಲೇ.

ಮೂಟೆಗಳು ಫೆಬ್ರವರಿಯೆಲ್ಲ ಬಂದವು. ಜೀಪಿನಲ್ಲಿ, ಪಿಕಪ್ಪಿನಲ್ಲಿ, ತಲೆಯ ಮೇಲೆ. ಹುಡುಗರ ತಾಯಂದಿರು ಗಿಡದ ಬುಡದಲ್ಲಿ ಉದುರಿದ್ದನ್ನು ಆಯ್ದು ಬಟ್ಟೆಚೀಲದಲ್ಲಿ ತಂದರು. ಪ್ರಸನ್ನಕುಮಾರ ಎಲ್ಲವನ್ನೂ ಎಲ್ಲರೆದುರೇ ತೂಗಿದ. ಯಾರೋ ಒಬ್ಬ, ಇನ್ನೊಂದು ಸಲ ತೂಗಿ ಎಂದ. ಅವನು ನಗುತ್ತಲೇ ಇನ್ನೊಂದು ಸಲ ತೂಗಿದ. ಕ್ಲಬ್ಬಿನ ಪ್ರತಿ ಮೂಟೆಯ ಮೇಲೂ ಬೊಮ್ಮಯ್ಯ ನೀಲಿ ಬಣ್ಣದಲ್ಲಿ ‘ಹೇ’ ಎಂದು ಬರೆದ.

ಯೋಜನೆ ಅವನ ಮನಸ್ಸಿನಲ್ಲಿ ಆತುರವಿಲ್ಲದೆ ಬೆಳೆಯಿತು. ಕದ್ದರೆ ಕಳ್ಳನನ್ನು ಹುಡುಕುತ್ತಾರೆ. ಸುಟ್ಟುಹೋದರೆ ಹುಡುಕುವುದಕ್ಕೆ ಏನೂ ಇರುವುದಿಲ್ಲ. ಆದರೆ ಅಷ್ಟು ಒಳ್ಳೆಯ ಕಾಫಿಯನ್ನು ಸುಡುವಷ್ಟು ದಡ್ಡನೂ ಅವನಲ್ಲ. ಸುಡಬೇಕಾದದ್ದು ನೀಲಿ ಗುರುತಿನ ಚೀಲಗಳನ್ನು ಮಾತ್ರ, ಅವುಗಳೊಳಗೆ ಏನಿದ್ದರೇನು?

ಭತ್ತದ ಹೊಟ್ಟನ್ನು ಬೇಲೂರಿನಾಚೆಯ ಮಿಲ್ಲಿನಿಂದ ತರಿಸಿದ. ಕೇಳಿದವರಿಗೆ ಇಟ್ಟಿಗೆ ಗೂಡಿಗೆ ಎಂದು ಹೇಳುವುದೆಂದಿದ್ದ, ಯಾರೂ ಕೇಳಲಿಲ್ಲ. ಹಮಾಲಿಗಳು ಊಟಕ್ಕೆ ಹೋದ ಮೇಲೆ ಷಟರ್ ಎಳೆದುಕೊಂಡು ಒಬ್ಬನೇ ಕೆಲಸ ಮಾಡಿದ. ನೀಲಿ ಗುರುತಿನ ಚೀಲದ ಕಾಫಿಯನ್ನು ಬೇರೆ ಚೀಲಕ್ಕೆ ಸುರಿದು, ಆ ಚೀಲಕ್ಕೆ ಹೊಟ್ಟು ತುಂಬಿ, ಬಾಯಿ ಹೊಲಿದು, ಮತ್ತೆ ಅದೇ ಜಾಗಕ್ಕೆ ಪೇರಿಸುತ್ತಿದ್ದ. ಹೊಟ್ಟಿನ ಚೀಲ ಹಗುರ. ಆದರೆ ಸೂರಿನ ತನಕ ಒಟ್ಟಿದ ಮೂಟೆಯನ್ನು ಯಾರು ಎತ್ತಿ ನೋಡುತ್ತಾರೆ? ತೂಕಕ್ಕೆಂದು ಮರಳು ಬೆರೆಸುವ ಯೋಚನೆ ಬಂತು, ಬಿಟ್ಟ. ಬೂದಿಯಲ್ಲಿ ಮರಳು ಉಳಿಯುತ್ತದೆ. ಬರೀ ಹೊಟ್ಟಾದರೆ ಫೈರ್ ಇಂಜಿನ್ನಿನ ನೀರು ಬಿದ್ದಮೇಲೆ ಎಲ್ಲವೂ ಒಂದೇ ಕಪ್ಪು ಕೆಸರು. ಕಾಫಿ ಅವನ ಎಂದಿನ ಲೋಡುಗಳ ನಡುವೆ ದೂರದ ವ್ಯಾಪಾರಿಯೊಬ್ಬನಿಗೆ ಹೋಯಿತು. ಪ್ರಸನ್ನಕುಮಾರನ ಗೋದಾಮಿನಿಂದ ಲಾರಿ ಹೊರಟರೆ ಬಣಕಲ್ಲಿನ ನಾಯಿಯೂ ತಲೆ ಎತ್ತುತ್ತಿರಲಿಲ್ಲ.

ಗೋದಾಮಿಗೆ ಅವನು ವಿಮೆ ಮಾಡಿಸಿರಲಿಲ್ಲ. ಈಗಲೂ ಮಾಡಿಸಲಿಲ್ಲ. ತನ್ನದೇ ಗೋಡೆ, ತನ್ನದೇ ಮಾಡು ಕಳೆದುಕೊಂಡವನ ಮೇಲೆ ಯಾರಿಗೆ ಸಂಶಯ ಬರುತ್ತದೆ? ಬೆಲೆ ಏರಿತು, ಮಾರಿಬಿಡೋಣವಾ ಎಂದು ಅವನೇ ಹೋಗಿ ಕಮಿಟಿಯವರನ್ನು ಕೇಳಿದ. ಇನ್ನೊಂಚೂರು ಏರಲಿ ಎಂದರು ಅವರೇ.

ಮುಂದಿನ ಸಾಲಿನ ಮೂಟೆಗಳನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಯಾರಾದರೂ ಬಂದು ಕೊಳವೆ ಚುಚ್ಚಿ ಮಾದರಿ ತೆಗೆದರೆ ಕಾಫಿ ಬೀಜವೇ ಬರಬೇಕು. ಬೊಮ್ಮಯ್ಯ ಒಮ್ಮೆ ಬಂದು, ಮ್ಯಾಚಿಗೆ ಇಳಿಯುವ ಹುಡುಗನ ಬೆನ್ನು ತಟ್ಟುವಂತೆ ಒಂದು ಮೂಟೆಯನ್ನು ತಟ್ಟಿ ಹೋದ. ಕೊನೆಯ ವಾರದಲ್ಲಿ ಪ್ರಸನ್ನಕುಮಾರನಿಗೆ ಆ ಸಾಲನ್ನು ನೋಡಿ ಹೊಟ್ಟೆ ಉರಿಯಿತು. ಇನ್ನು ಯಾರೂ ಬರುವುದಿಲ್ಲ, ಸುಮ್ಮನೆ ಯಾಕೆ ಬೆಂಕಿಗೆ ಹಾಕುವುದು ಎಂದುಕೊಂಡ. ಅವನ್ನೂ ಬದಲಿಸಿದ.

ದಿನವನ್ನು ಬಹಳ ಯೋಚಿಸಿ ಆರಿಸಿದ್ದ. ಯುಗಾದಿಗೆ ಮುಂಚಿನ ಭಾನುವಾರ, ಕಳಸದ ಟೀಮಿನ ಮೇಲೆ ಫೈನಲ್. ಊರಿಗೆ ಊರೇ ಮೈದಾನದಲ್ಲಿರುತ್ತದೆ, ಅವನು ಊರಿನ ಕಣ್ಣೆದುರಲ್ಲಿರುತ್ತಾನೆ. ಬೆಂಕಿಗೆ ಕಾರಣ ಹಳೆಯ ವೈರಿಂಗ್ ಎನ್ನಿಸಬೇಕು. ಮಧ್ಯಾಹ್ನ ಕರೆಂಟು ಹೋದರೆ ಆ ಕತೆ ನಿಲ್ಲುವುದಿಲ್ಲ ಎಂಬುದನ್ನೂ ಅವನು ಮರೆತಿರಲಿಲ್ಲ. ಅದಕ್ಕೇ ಮೈದಾನದ ಧ್ವನಿವರ್ಧಕ ಕೂಗತೊಡಗಿ, ಕರೆಂಟಿದೆ ಎಂದು ಖಾತ್ರಿಯಾದ ಮೇಲೆಯೇ ಗೋದಾಮಿನ ಮೂಲೆಯಲ್ಲಿ ನಿಧಾನಕ್ಕೆ ಉರಿಯುವ ಸೊಳ್ಳೆಬತ್ತಿ ಹಚ್ಚಿಟ್ಟ. ಷಟರ್ ಎಳೆದು, ರಸ್ತೆ ದಾಟಿ, ಎದುರು ಮನೆಯಲ್ಲಿದ್ದ ತಾಯಿಗೆ ಹೇಳಿ, ಮೈದಾನಕ್ಕೆ ನಡೆದ. ಚಂದ್ರಶೇಖರ ಗೌಡರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ. ಘಾಟಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹೊಗೆ ನೇರ ಇತ್ತಲೇ ಬರುತ್ತದೆ, ತಾನು ಅದನ್ನು ನೋಡಿ ಗಾಬರಿಯಾಗುವುದನ್ನು ಎಲ್ಲರೂ ನೋಡುತ್ತಾರೆ.

ದ್ವಿತೀಯಾರ್ಧದಲ್ಲಿ ಹೇಮಾವತಿಯ ಹುಡುಗನೊಬ್ಬ ಎಡಗಾಲಿನಲ್ಲಿ ಒದ್ದ ಚೆಂಡು ಗೋಲ್‌ಕೀಪರನ ತಲೆಯ ಮೇಲಿಂದ ಬಲೆಗೆ ಬಿತ್ತು. ಪ್ರಸನ್ನಕುಮಾರ ಎದ್ದು ಕೂಗಿದ. ಚಂದ್ರಶೇಖರ ಗೌಡರನ್ನು ತಬ್ಬಿಕೊಂಡ. ಅದು ನಟನೆಯಾಗಿರಲಿಲ್ಲ; ಆ ಕ್ಷಣ ಅವನಿಗೆ ಗೋದಾಮಿನ ನೆನಪೇ ಇರಲಿಲ್ಲ. ಯಾರೋ ತೋಳು ಹಿಡಿದು ಎಳೆದು, ಅಲ್ಲಿ ನೋಡಿ ಎಂದಾಗಲೇ ಅವನು ತಿರುಗಿದ್ದು.

ಮುಂದಿನದೆಲ್ಲ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಆಟ ಅಲ್ಲಿಗೇ ನಿಂತಿತು. ಎರಡೂ ಟೀಮಿನವರು ಜರ್ಸಿಯಲ್ಲೇ ಓಡಿಬಂದು ಬಾವಿಯಿಂದ ಕೊಡಪಾನ ಸಾಗಿಸಿದರು. ಪ್ರಸನ್ನಕುಮಾರ ಕಾದ ಷಟರಿಗೆ ಕೈ ಹಾಕಿದ, ಅಂಗೈ ಸುಟ್ಟಿತು. ಚಂದ್ರಶೇಖರ ಗೌಡರು ಅವನ ಸೊಂಟ ಹಿಡಿದು ಹಿಂದಕ್ಕೆಳೆದರು. ಮೂಡಿಗೆರೆಯಿಂದ ಫೈರ್ ಇಂಜಿನ್ ಬರುವ ಹೊತ್ತಿಗೆ ಮಾಡು ಕುಸಿದಿತ್ತು. ನೀರು ಬಿದ್ದಮೇಲೆ ಒಳಗೆ ಉಳಿದದ್ದು, ಅವನು ಅಂದುಕೊಂಡಿದ್ದಂತೆಯೇ, ಹೊಗೆಯಾಡುವ ಕಪ್ಪು ಕೆಸರು.

ಬೊಮ್ಮಯ್ಯ ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ. ಹುಡುಗರು ಅವನ ಸುತ್ತ ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ವೈರಿಂಗ್ ಹಳತು, ನಾನೇ ನೋಡಿಸಬೇಕಿತ್ತು, ತಪ್ಪೆಲ್ಲ ನನ್ನದು ಎಂದು ಪ್ರಸನ್ನಕುಮಾರ ಹೇಳುತ್ತಲೇ ಇದ್ದ. ಚಂದ್ರಶೇಖರ ಗೌಡರು ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಮಾತಾಡಿದರು.

“ನಮ್ದು ಒಂದೊಂದು ಮೂಟೆ ಹೋಯ್ತು, ಇವನದ್ದು ಗೋದಾಮೇ ಹೋಯ್ತು. ಆವತ್ತು ಸಭೇಲಿ ನಾನು ಆಡಿದ್ದು ಸಣ್ಣ ಮಾತು ಪ್ರಸನ್ನ, ತಪ್ಪಾಯ್ತು. ಮುಂದಿನ ಕೊಯ್ಲಿಗೆ ಮತ್ತೆ ಕೊಡಣ. ಜಾಗ ನಂದೇ ಇರ್ಲಿ. ಹೆಸರು ನಿಮ್ಮಪ್ಪಂದೇ.”

ಯಾರೂ ನಗಲಿಲ್ಲ. ಆಗ್ಲಿ, ಆಗ್ಲಿ ಎಂದು ನಾಲ್ಕೂ ಕಡೆಯಿಂದ ಕೇಳಿಸಿತು. ಕಣ್ಣು ಒರೆಸಿಕೊಂಡು ಬೊಮ್ಮಯ್ಯನೂ ತಲೆಯಾಡಿಸಿದ. ಇದೇ ಮಾತನ್ನು ಜನವರಿಯಲ್ಲಿ ಆಡಿದ್ದರೆ ಇವರಿಗೆ ಏನು ಖರ್ಚಾಗುತ್ತಿತ್ತು? ಪ್ರಸನ್ನಕುಮಾರನಿಗೆ ಅಳು ಬಂತು. ಅತ್ತ. ಜನ ಅದನ್ನು ಗೋದಾಮಿಗೆ ಎಂದುಕೊಂಡರು.

ಅಷ್ಟರಲ್ಲಿ, ಬೆಂಕಿ ಎಲ್ಲಿಯದೆಂದು ಹೇಳಲು ಧೈರ್ಯವಾಗದೆ, ಪಕ್ಕದ ಮನೆಯ ಹೆಂಗಸೊಬ್ಬಳು ಕಲ್ಲಮ್ಮನ ಕೈಹಿಡಿದು ರಸ್ತೆ ದಾಟಿಸಿಕೊಂಡು ಬಂದಳು. ಪೊರೆ ಬಂದ ಕಣ್ಣಿಗೆ ಗೋದಾಮೂ ಒಂದೇ, ಆಕಾಶವೂ ಒಂದೇ. ಅವರು ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತರು. “ಎಲ್ಲೋ ಬೆಂಕಿ ಬಿದ್ದಿದ್ದು ಪ್ರಸನ್ನ? ರೈಸ್‌ಮಿಲ್ಲಿಗಾ?” ಎಂದರು. “ಬರೀ ಭತ್ತದ ಹೊಟ್ಟು ಸುಟ್ಟ ವಾಸನೆ ಬರ್ತಿದೆಯಲ್ಲ.” ಕಣ್ಣಿಗೆ ಏನು ಕಾಣಬೇಕು, ಕೈಗೆ ಎಷ್ಟು ಭಾರ ಸಿಗಬೇಕು, ಬೂದಿಯಲ್ಲಿ ಏನು ಉಳಿಯಬಾರದು ಎಂದೆಲ್ಲ ಪ್ರಸನ್ನಕುಮಾರ ಲೆಕ್ಕ ಹಾಕಿದ್ದ. ಯಾರ ಮನೆಯಲ್ಲಿ ಒಂದು ಹಿಡಿ ಕಾಫಿ ಹುರಿದರೂ ರಸ್ತೆಯಲ್ಲಿ ಹೋಗುವವರಿಗೆ ಗೊತ್ತಾಗುವ ಊರಿನಲ್ಲಿ, ಒಂದು ಗೋದಾಮು ಕಾಫಿ ಉರಿದರೆ ಗಾಳಿಯಲ್ಲಿ ಏನಿರಬೇಕೆಂದು ಯೋಚಿಸಿರಲಿಲ್ಲ. ಬೊಮ್ಮಯ್ಯ ಕೂತಲ್ಲಿಂದ ತಲೆ ಎತ್ತಿದ. ಒಬ್ಬರಾದ ಮೇಲೆ ಒಬ್ಬರು ಹೊಗೆಯ ಕಡೆ ಮುಖ ತಿರುಗಿಸಿದರು. ಚಂದ್ರಶೇಖರ ಗೌಡರು ನಿಧಾನವಾಗಿ, ಎದೆ ತುಂಬ, ಒಂದು ಸಲ ಉಸಿರೆಳೆದುಕೊಂಡರು. ಹೆಗಲ ಮೇಲಿದ್ದ ಅವರ ಕೈ ಅಲ್ಲಿಂದ ಏಳಲಿಲ್ಲ, ಬಿಗಿಯಾಯಿತು.