ಮೋಟಾರಿಗೆ ಹಚ್ಚಿದ ಕೈ

“ತಮ್ಮಾ, ಆ ಮೋಟಾರಿಗೆ ಕೈ ಹಚ್ಚಬ್ಯಾಡ. ಹಚ್ಚಿದ ಕೈ ಒಣಗತೈತಿ.”

ಮಸ್ಕಿಯ ವಾಡೆಯ ಹಿಂದೆ, ಗಾಡಿಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ ಮುದುಕಿ ಹೇಳಿದಳು. ಮರಿಸ್ವಾಮಿ ನಟ್ಟು ಬಿಚ್ಚುವ ಪಾನಾಗಳ ಚೀಲ ಇಳಿಸಿ ನಕ್ಕ. “ಒಣಗಿದ್ರ ಎಣ್ಣಿ ಹಚ್ಚತೀನಿ ಬಿಡಬೇ. ಇಲ್ಲಿ ಡಬ್ಬಿಗಟ್ಟಲೆ ಐತಿ.”

ಅವಳು ನಗಲಿಲ್ಲ. ಅವಳು ಮುಕ್ಕುಂದದ ಗ್ಯಾನಮ್ಮ. ಹತ್ತು ವರ್ಷದ ಹಿಂದೆ ಈ ವಿಲಾಯತಿ ಮೋಟಾರು, ಹೊಳೆಯಲ್ಲಿ ಮಿಂದು ಬರುತ್ತಿದ್ದ ಅವಳ ಪುಟ್ಟ ಮಗಳ ಮೇಲೆ ಹಾಯ್ದು ಜೀವ ತೆಗೆದಿತ್ತು. ವಾಡೆಯ ದೊರೆ ಇಳಿದೂ ನೋಡಿರಲಿಲ್ಲ. ಅಮಾವಾಸ್ಯೆಯ ದಿನ ಹೊಳೆದಂಡೆಯಲ್ಲಿ ಕೂತು ಅವಳೇ ಮಾಟ ಕಟ್ಟಿದಳು. ಮೋಟಾರು ನಿಂತುಹೋಗಲಿ, ಅದನ್ನು ಎಬ್ಬಿಸಲು ಬರುವ ಕೈ ಸಾಯಲಿ ಎಂದು. ಮೋಟಾರು ಅಂದೇ ನಿಂತಿತು.

“ದೊರಿ ಕೈ ಬೀಳ್ಲಿ ಅಂತ ಕಟ್ಟಿದ್ದೆ,” ಎಂದಳು. “ದೊರಿಗೋಳು ತಮ್ಮ ಕೈಲೆ ಏನೂ ಮಾಡಂಗಿಲ್ಲ ಅನ್ನೋದು ನನಗ ಹೊಳೀಲಿಲ್ಲ. ಬರೋರೆಲ್ಲ ನಿಮ್ಮಂಥೋರು. ಕಟ್ಟಿದ್ದು ಬಿಚ್ಚಾಕ ನನಗ ಬರಂಗಿಲ್ಲ. ನಿಮ್ಮ ಉಸ್ತಾದನ ಕೈ ನೋಡಿಯೇನು?”

“ನೋಡೀನಿ. ಎಂಜಿನ್ ಹ್ಯಾಂಡಲ್ ತಿರುಗಿ ಒದ್ದೈತಿ.”

ಹಾಗೆಂದು ಉಸ್ತಾದ್ ಹೊನ್ನೂರಪ್ಪನೇ ಹೇಳಿದ್ದ. ಎರಡು ತಿಂಗಳ ಹಿಂದೆ ಅವನೇ ಈ ಎಂಜಿನು ಬಿಚ್ಚಿ, ಅರ್ಧಕ್ಕೆ ಬಿಟ್ಟು ಲಿಂಗಸುಗೂರಿಗೆ ಮರಳಿದ್ದ. ಅಂದಿನಿಂದ ಅವನ ಬಲಗೈ ಬಟ್ಟೆಯೊಳಗೇ ಇತ್ತು. ಬಳ್ಳಾರಿಯಿಂದ ಹೊಳೆ ದಾಟಿ ನಿಜಾಮರ ಸೀಮೆಗೆ ಬಂದ ಅನಾಥ ಮರಿಸ್ವಾಮಿಗೆ ಅನ್ನ ಹಾಕಿ, ಪಾನಾ ಹಿಡಿಯಲು ಕಲಿಸಿದವನು ಅವನೇ. ಮರಿಸ್ವಾಮಿಗೆ ಇದ್ದ ಆಸ್ತಿ ತನ್ನ ಬಲಗೈ ಒಂದೇ. ಅದನ್ನು ಪಳಗಿಸಿದ ಮನುಷ್ಯನಿಗಾಗಿ ಅವನು ಜೀವವನ್ನೂ ಕೊಡುತ್ತಿದ್ದ.

“ಎಂಜಿನ್ ನೀ ಕಟ್ಟು,” ಎಂದಿದ್ದ ಹೊನ್ನೂರಪ್ಪ. “ಚಾಲೂ ಆದ ದಿನ ನಿನ್ನ ಉಸ್ತಾದ್ ಮಾಡತೀನಿ.”

ನಿಜಾಮರ ಲೆಕ್ಕದಲ್ಲಿ ಫಸಲಿ ಸಾವಿರದ ಮುನ್ನೂರ ನಲವತ್ತೇಳರ, ಅಂದರೆ 1938ರ ಬೇಸಿಗೆ. ಕಿಟಕಿಯಿಲ್ಲದ ಕೊಟ್ಟಿಗೆಯಲ್ಲಿ ಹಗಲಲ್ಲೂ ಕಂದೀಲು ಬೇಕಿತ್ತು. ಸೀಮೆಎಣ್ಣೆ, ಕರಕಲು, ಹಳೆಯ ಗ್ರೀಸಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು, ಒದ್ದೆ ಕೂದಲಿನಂಥದ್ದು. ನಾಲ್ಕನೆಯ ಪಿಸ್ಟನ್ ಎಳೆದಾಗ ಮಡ್ಡಿಯೊಳಗೆ ಹಸಿರು ಬಳೆಯ ಚೂರು ಸಿಕ್ಕಿತು. ಎಸೆದ. ಮರುದಿನ ಅದೇ ಜಾಗದಲ್ಲಿ ಇನ್ನೊಂದು ಚೂರು ಇತ್ತು. ವಾಡೆಯ ಹುಡುಗಿಯರ ಕುಚೇಷ್ಟೆ ಎಂದುಕೊಂಡು ಅದನ್ನೂ ಎಸೆದ. ವಾಲ್ವುಗಳನ್ನು ಉಜ್ಜಿ ಕೂರಿಸಿದ, ಬೇರಿಂಗಿಗೆ ಸೀಸ ಎರೆದು ಹೆರೆದ, ಹೊಸ ರಿಂಗು ತೊಡಿಸಿದ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿರಬೇಕಾದ ಕಬ್ಬಿಣ ಜ್ವರ ಬಂದ ಮೈಯಂತೆ ಬಿಸಿಯಾಗಿರುತ್ತಿತ್ತು. ಆದರೂ ಕೈಗೆ ಏನೂ ಆಗಲಿಲ್ಲ. ಇಪ್ಪತ್ತೊಂದು ದಿನ ಕಳೆದವು. ಬಾಗಿಲಲ್ಲಿ ಕೂತ ಗ್ಯಾನಮ್ಮನಿಗೆ ಅವನು ದಿನಾ ಕೈ ತೋರಿಸಿ ಅಣಕಿಸುತ್ತಿದ್ದ.

ಹೊನ್ನೂರಪ್ಪ ಬಂದದ್ದು ಎಂಜಿನು ಕಟ್ಟಿ ಮುಗಿದ ದಿನ, ಮಧ್ಯಾಹ್ನ. ಬಿಸಿಗಾಳಿಗೆ ಬಾಗಿಲು ಮುಚ್ಚಿತ್ತು. ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಶಿಷ್ಯ ಉಸ್ತಾದ್ ಆಗುವ ದಿನ, ಅವನು ಕಟ್ಟಿದ ಎಂಜಿನಿನ ಹ್ಯಾಂಡಲನ್ನು ಗುರುಶಿಷ್ಯರು ಕೈ ಮೇಲೆ ಕೈ ಇಟ್ಟು ಅರ್ಧ ಸುತ್ತು ತಿರುಗಿಸುತ್ತಾರೆ. ಆಮೇಲೆ ಗುರು ಕೈ ಬಿಡುತ್ತಾನೆ.

“ನನ್ನ ಕೈಯಾಗಿಂದು ಖುಷಿಲೆ ತಗೋತೀಯೇನು?” ಹೊನ್ನೂರಪ್ಪ ಕೇಳಿದ.

“ತಗೋತೀನ್ರಿ.” ಮರಿಸ್ವಾಮಿಯ ಕಣ್ಣು ತುಂಬಿತ್ತು.

ಬಟ್ಟೆ ಸುತ್ತಿದ ಕೈ ಅವನ ಕೈ ಮೇಲೆ ಬಂತು. ಕಟ್ಟಿಗೆಯಂತಿತ್ತು. ಅರ್ಧ ಸುತ್ತು. ಕೈ ಬಿಟ್ಟಿತು. ಅವನೊಬ್ಬನೇ ತಿರುಗಿಸಿದ. ಎಂಜಿನು ಕೆಮ್ಮಿತು. ಹಿಡಿಯಿತು. ಗುಡುಗಿತು. ಆ ಗುಡುಗಿನೊಳಗೆ ಒಂದು ಮಗು ಅಳುತ್ತಿತ್ತು. ಕಂದೀಲು ಆರಿತು. ಒದ್ದೆ ಕೂದಲ ವಾಸನೆ ಮೂಗಿಗೆ ಹೊಡೆಯಿತು. ಹ್ಯಾಂಡಲ್ ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ನೋವಿಲ್ಲ. ಉಗುರಿನಿಂದ ತಣ್ಣಗೆ ಏನೋ ಏರುತ್ತಿತ್ತು. ಮುಂಗೈ. ಮೊಣಕೈ. ಎಳೆದ. ಮತ್ತೆ ಎಳೆದಾಗ ಹಿಡಿತ ಬಿಟ್ಟಿತು. ಬಾಗಿಲಿಗೆ ಹಾಯ್ದು ಬೆಳಕಿಗೆ ಬಿದ್ದ.

ಕೈ ಒಣಗಿದ ಜೋಳದ ದಂಟಾಗಿತ್ತು.

ಎದುರಿಗೆ ಹೊನ್ನೂರಪ್ಪ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ನಿಂತಿದ್ದ. ಬೆರಳುಗಳನ್ನು ಮಡಚಿದ, ಬಿಡಿಸಿದ, ಮಗುವಿನ ಹಾಗೆ ಅತ್ತ.

“ನಿಮಗ ಗೊತ್ತಿತ್ತೇನ್ರಿ?”

“ಮಾಟ ಒಂದು ಸಲಕ್ಕ ಒಂದ ಕೈ ಹಿಡೀತೈತಿ. ಇನ್ನೊಬ್ಬ ಖುಷಿಲೆ ತಗೊಂಡ್ರ ಬಿಡತೈತಿ ಅಂತ ಮುದಗಲ್ಲಿನ ಮಂತ್ರಗಾರ ಹೇಳಿದ.” ಹೊನ್ನೂರಪ್ಪ ಮುಖ ತಿರುಗಿಸಿದ. “ನನಗ ನಾಕು ಹೆಣ್ಣುಮಕ್ಕಳು ಅದಾವು. ನಿನಗ ಯಾರದಾರ, ಮರಿಸ್ವಾಮಿ?”

ನೀವಿದ್ದಿರಿ, ಎನ್ನಬೇಕೆಂದಿದ್ದ. ಅಷ್ಟರಲ್ಲಿ ದೊರೆ ಬಂದು ಹಿಂದಿನ ಸೀಟಿನಲ್ಲಿ ಕೂತ. ಯಾರದೋ ಕೈಯಲ್ಲಿ ಮೋಟಾರು ಹೊರಟಿತು.

ಮರಿಸ್ವಾಮಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಲಿಂಗಸುಗೂರಿನ ಉಸ್ತಾದನ ಅದೇ ಮನೆಯ ಜಗುಲಿಯ ಮೇಲೆ ಮೂರು ದಿನ ಉಪವಾಸ ಬಿದ್ದಿದ್ದ. ರೊಟ್ಟಿ ಮುಂದಿಟ್ಟರೆ ಎಡಗೈಯೊಂದರಲ್ಲೇ ಮುರಿಯಲು ಬರುತ್ತಿರಲಿಲ್ಲ. ಮುರಿದು ಕೊಡಿರೆಂದು ಅವನು ಕೇಳಲೂ ಇಲ್ಲ. ನಾಲ್ಕನೆಯ ದಿನ ಹೊನ್ನೂರಪ್ಪನೇ ಬಂದು ಕೂತ. ಬಲಗೈಯಿಂದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಅವನ ಬಾಯಿಗೆ ಹಿಡಿದ. ಆ ಬೆರಳುಗಳನ್ನು ಕಚ್ಚಿ ತುಂಡರಿಸಬೇಕು ಅನ್ನಿಸಿತು ಮರಿಸ್ವಾಮಿಗೆ.

ಆದರೆ ಹಸಿವಾಗಿತ್ತು. ಬಾಯಿ ತೆರೆದ.