ಏಳನೇ ಗುಂಡಿಯ ಮೀನು

"ಆ ಚೂರು ಈ ಗಡಿಗೆಯದ್ದಲ್ಲ."

ಮ್ಯೂಸಿಯಂನ ಕೆಲಸದ ಕೋಣೆಯಲ್ಲಿ ಹದಿನೈದು ಜನ ಅತಿಥಿಗಳಿದ್ದರು. ಮುಖ್ಯಸ್ಥರು ಗಡಿಗೆಯ ಹೊಟ್ಟೆಯ ಮೇಲಿನ ಕೆಂಪು ಮೀನನ್ನು ತೋರಿಸಿ ವಿವರಿಸುತ್ತಿದ್ದರು. ಮಾತು ಬಂದದ್ದು ಬಾಗಿಲ ಕಡೆಯಿಂದ. ಅಲ್ಲಿ ಮಣ್ಣು ಮೆತ್ತಿದ ಬೂಟಿನ ಗಂಡಸೊಬ್ಬ ಎರಡೂ ಕೈಯಲ್ಲಿ ಟ್ರೇ ಹಿಡಿದು ನಿಂತಿದ್ದ.

ಎಲ್ಲರೂ ಅವನತ್ತ ತಿರುಗಿದರು. ಗಡಿಗೆಯ ಪಕ್ಕದಲ್ಲಿ ನಿಂತಿದ್ದ ಅವಳು ಮಾತ್ರ ತಿರುಗಲಿಲ್ಲ. ಆ ಗಡಿಗೆಯ ನಲವತ್ತಾರು ಚೂರುಗಳನ್ನು ಕೂಡಿಸಿದವಳು ಅವಳೇ.

"ನಾನು ಕಂಡಾಗ ಆ ಮೀನಿಗೆ..." ಎಂದು ಅವನು ಮುಂದುವರಿಸಲು ಹೊರಟ.

ಅವಳು ಮುಗಿಸಲು ಬಿಡಲಿಲ್ಲ. "ಅಗೆಯೋದು ನಿಮ್ಮ ಕೆಲಸ, ಕೂಡಿಸೋದು ನನ್ನ ಕೆಲಸ. ಮೊದಲು ಕೈ ತೊಳ್ಕೊಂಡು ಬನ್ನಿ, ಆಮೇಲೆ ಪಾಠ ಹೇಳೋರಂತೆ."

ಅತಿಥಿಗಳು ನಕ್ಕರು. ಮುಖ್ಯಸ್ಥರೂ ನಕ್ಕರು. ಅವನು ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡ. ಟ್ರೇಯನ್ನು ಅವಳ ಮೇಜಿನ ತುದಿಯಲ್ಲಿಟ್ಟು, "ತಪ್ಪಾಯ್ತು" ಎಂದಷ್ಟೇ ಹೇಳಿ ಹೊರಟುಹೋದ.

ಗೆದ್ದೆ ಅನ್ನಿಸಿತೇ ಅವಳಿಗೆ? ಇಲ್ಲ. ಅತಿಥಿಗಳೆಲ್ಲ ಹೋದ ಮೇಲೆ ಅವಳು ಆ ಟ್ರೇ ಎಳೆದುಕೊಂಡಳು. ಮಡಕೆ ಚೂರುಗಳ ನಡುವೆ ಒಂದು ಚೀಟಿ ಇತ್ತು.

'ಇವತ್ತು ಮೂವತ್ತೆಂಟು. ಇವರಲ್ಲಿ ಇಬ್ಬರು ಅಕ್ಕತಂಗಿ. ಮುನಿಸಿಕೊಂಡು ದೂರವಾಗಿದ್ದಾರೆ. ನಿಮ್ಮ ಮಾತಾದರೆ ಕೇಳುತ್ತಾರೆ.'

ಆ ಅಕ್ಷರ...

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಭೂಮಿ ಬಾಯಿಬಿಟ್ಟಿದ್ದರೆ ಆ ಗಳಿಗೆಯಲ್ಲೇ ಒಳಗೆ ಇಳಿದುಬಿಡುತ್ತಿದ್ದಳು.

ಅದು ಏಳನೇ ಗುಂಡಿಯವರ ಅಕ್ಷರ!

ಉತ್ಖನನ ನಡೆಯುತ್ತಿದ್ದದ್ದು ಊರಾಚೆ, ಬೆಟ್ಟದ ಮೇಲೂ ಕೆಳಗಿನ ನದಿ ದಂಡೆಯಲ್ಲೂ. ಅಲ್ಲಿ ಸಿಕ್ಕಿದ ಚೂರುಗಳು ಗುಂಡಿವಾರು ಟ್ರೇಗಳಲ್ಲಿ ಮ್ಯೂಸಿಯಂಗೆ ಬರುತ್ತಿದ್ದವು. ಮಿಕ್ಕ ಗುಂಡಿಗಳ ಚೀಟಿಯಲ್ಲಿ ತಾರೀಖು, ಲೆಕ್ಕ, ಸಹಿ. ಏಳನೇ ಗುಂಡಿಯ ಚೀಟಿಯಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಇರುತ್ತಿತ್ತು. 'ಈ ಹಿಡಿಕೆಗೆ ಸೊಕ್ಕು ಜಾಸ್ತಿ, ಯಾರ ಜೊತೆಯೂ ಸೇರಲೊಲ್ಲದು.' 'ಇವತ್ತು ಬರೀ ತಳ. ಮೇಲಿನವರು ಊರಿಗೆ ಹೋಗಿದ್ದಾರೆ.' ಅವಳೂ ಖಾಲಿ ಟ್ರೇಯಲ್ಲಿ ಒಂದೇ ಒಂದು ಪದದ ಚೀಟಿ ಇಟ್ಟು ವಾಪಸ್ಸು ಕಳಿಸುತ್ತಿದ್ದಳು. 'ಕೂಡಿದರು.'

ಹೀಗೇ ಎರಡು ವರ್ಷ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ಮಂಗಳವಾರ ಬಂತೆಂದರೆ ಅವಳು ಒಳ್ಳೆಯ ಬಟ್ಟೆ ಉಡುತ್ತಿದ್ದಳು. ಬರುವುದು ಬರೀ ಟ್ರೇ, ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಉಡುತ್ತಿದ್ದಳು. ಹುಚ್ಚು ಅನ್ನಿ, ಪ್ರೀತಿ ಅನ್ನಿ.

ಅಂಥವನು ಮೊದಲ ಸಲ ಬಾಗಿಲಿಗೆ ಬಂದಾಗ ಅವಳು ಅವನ ಕೈಯ ಮಣ್ಣನ್ನು ಆಡಿಕೊಂಡಿದ್ದಳು. ಅದೂ ಅವನು ನಿಜ ಹೇಳಿದ್ದಕ್ಕೆ.

ಹೌದು, ನಿಜ. ಗಡಿಗೆ ಬೆಟ್ಟದ ಮೇಲಿನ ಮೂರನೇ ಗುಂಡಿಯದು. ಅದರ ಹೊಟ್ಟೆಯಲ್ಲಿ ಅಂಗೈ ಅಗಲದ ತೂತು ಉಳಿದಿತ್ತು, ಅತಿಥಿಗಳು ಬರಲು ನಾಲ್ಕು ದಿನವೂ ಇರಲಿಲ್ಲ. ಮೇಜಿನ ಮೇಲೆ ನದಿ ದಂಡೆಯ ಏಳನೇ ಗುಂಡಿಯ ಟ್ರೇ ಇತ್ತು, ಅದರಲ್ಲಿ ಇನ್ನೂ ನಂಬರು ಬರೆಯದ ಒಂದು ಮೀನಿನ ಚೂರು. ಅದೇ ದಪ್ಪ, ಅದೇ ಬಣ್ಣ. ಹಿಡಿದು ನೋಡಿದಳು. ಮೂರು ಕಡೆ ಕೂತಿತು, ಒಂದು ಮೂಲೆ ತಡೆಯಿತು. ಡ್ರಾಯರಿನಲ್ಲಿ ಅಪ್ಪನ ಉಕ್ಕಿನ ಅರ ಇತ್ತು. ಆ ಮೂಲೆಯನ್ನು ನಾಲ್ಕೇ ನಾಲ್ಕು ಸಲ ಉಜ್ಜಿದಳು. ಮೀನಿನ ಬಾಲದ ತುದಿ ಕೆಂಪು ಪುಡಿಯಾಗಿ ಮೇಜಿನ ಮೇಲೆ ಬಿತ್ತು. ಅದನ್ನು ಬಾಯಿಂದ ಊದಿಬಿಟ್ಟಳು.

ಅತಿಥಿಗಳು ಹೋಗುವವರೆಗೆ ಅಷ್ಟೇ, ಆಮೇಲೆ ತೆಗೆದುಬಿಡುತ್ತೇನೆ ಎಂದುಕೊಂಡಿದ್ದಳು. ಆದರೆ ಮರುದಿನ ಬೆಳಗ್ಗೆಯೇ ಮುಖ್ಯಸ್ಥರು ಗಡಿಗೆ ನೋಡಿದರು. ಮೀನು ನೋಡಿ ಮಗುವಿನಂತೆ ಕುಣಿದಾಡಿದರು. ಮೀನಿನ ಚಿತ್ರ ಅದುವರೆಗೆ ಸಿಕ್ಕಿದ್ದದ್ದು ನದಿ ದಂಡೆಯಲ್ಲಿ ಮಾತ್ರ. ಬೆಟ್ಟದವರ ಗಡಿಗೆಯ ಮೇಲೆ ನದಿಯವರ ಮೀನು! ಹಾಗಾದರೆ ಬೆಟ್ಟದವರೂ ನದಿಯವರೂ ಒಂದೇ ಜನ, ನಲವತ್ತು ವರ್ಷದಿಂದ ಹುಡುಕಿದ್ದಕ್ಕೆ ಈಗ ಸಾಕ್ಷಿ ಸಿಕ್ಕಿತು ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವಳು ಬಾಯಿ ತೆರೆದಳು... ಮುಚ್ಚಿದಳು.

ಅತಿಥಿಗಳು ಬಂದುಹೋದ ಮರುದಿನ ಸಂಜೆ ಮನೆಯಲ್ಲಿ ಅಪ್ಪ ಪತ್ರಿಕೆ ಹಿಡಿದು ಕುಳಿತಿದ್ದರು. ಆ ಮೇಜಿನಲ್ಲಿ ಮೂವತ್ತು ವರ್ಷ ಚೂರು ಕೂಡಿಸಿದವರು. ಕೈ ನಡುಕ ಶುರುವಾದ ಮೇಲೆ ಕುರ್ಚಿ ಮಗಳಿಗೆ ಬಂದಿತ್ತು. ಪತ್ರಿಕೆಯಲ್ಲಿ ಬಂದಿದ್ದ ಗಡಿಗೆಯ ಫೋಟೋವನ್ನು ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನನ್ನ ಅರ ಎಲ್ಲಿಟ್ಟಿದ್ದೀಯಮ್ಮ?"

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಡ್ರಾಯರಲ್ಲೇ ಇದೆಯಪ್ಪ. ಯಾಕೆ?"

"ಸುಮ್ನೆ. ಅದು ಗಡಿಗೆ ಕೂರಿಸೋ ಮರದ ಸ್ಟ್ಯಾಂಡ್ ಉಜ್ಜೋಕೆ ಇಟ್ಕೊಂಡಿದ್ದು." ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು. ಮತ್ತೇನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುವಾರದಿಂದ ಇನ್ನೊಂದು ಪೀಕಲಾಟ ಶುರುವಾಯಿತು. ಏಳನೇ ಗುಂಡಿಯವನು ಟ್ರೇಗಳನ್ನು ತಾನೇ ಹೊತ್ತು ತರತೊಡಗಿದ. ಕೈ ತೊಳೆದುಕೊಂಡು ಬರುತ್ತಿದ್ದ. ಉಗುರಿನ ಸಂದಿಯೂ ಸ್ವಚ್ಛವಾಗಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಟ್ರೇ ಇಟ್ಟು, ಒಮ್ಮೆ ಗಡಿಗೆಯತ್ತ, ಒಮ್ಮೆ ಅವಳತ್ತ ನೋಡಿ ಏನೋ ಹೇಳಲು ಹೊರಡುವನು. ಅವಳು ಬೇಕೆಂದೇ ಬೆನ್ನು ತಿರುಗಿಸಿ ಅಂಟು ಕಲಸುವಳು. ಅವನು ಹೊರಟುಹೋಗುವನು. ಚೀಟಿಯಲ್ಲಿ ಈಗ ಬರೀ ಲೆಕ್ಕ ಇರುತ್ತಿತ್ತು.

'ಹೆದರಿಸೋಕೆ ಬರ್ತಾನೆ. ಸಮಯ ನೋಡ್ತಿದ್ದಾನೆ' ಎಂದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಕೆಮ್ಮಿದರೂ ಅವಳ ಎದೆ ಹಾರುತ್ತಿತ್ತು. ಅವಳ ಭಯಕ್ಕೆ ಕಾರಣವೂ ಇತ್ತು. ಗುಂಡಿಯ ಉಸ್ತುವಾರಿಯವರು ದಿನಾ ಒಂದು ಪುಸ್ತಕ ಬರೆಯಬೇಕು. ಸಿಕ್ಕಿದ ಮುಖ್ಯ ವಸ್ತುವನ್ನು ಅಳತೆ ಸಮೇತ ಅದರಲ್ಲಿ ಚಿತ್ರಿಸಬೇಕು. ಅವನ ಪುಸ್ತಕದಲ್ಲಿ ಆ ಮೀನು ಇದ್ದೇ ಇರುತ್ತದೆ, ಬಾಲ ಸಮೇತ.

ಒಂದು ತಿಂಗಳಿಗೆ ಆ ದಿನವೂ ಬಂತು. ಮುಖ್ಯಸ್ಥರು ತಮ್ಮ ಗ್ರಂಥಕ್ಕಾಗಿ ಎಲ್ಲ ಗುಂಡಿಗಳ ಪುಸ್ತಕ ತರಿಸಿ, ಅವಳ ಕೋಣೆಯಲ್ಲೇ ಕುಳಿತು ಒಂದೊಂದಾಗಿ ತಿರುವಿದರು. ಏಳನೆಯದು ಬಂದಾಗ ಅವಳ ಕೈಯ ಕುಂಚ ನಿಂತಿತು. ಅವನು ಕಿಟಕಿಯ ಹತ್ತಿರ ನಿಂತಿದ್ದ.

ಮುಖ್ಯಸ್ಥರ ಬೆರಳು ಒಂದು ಕಡೆ ತಡೆಯಿತು. "ಇಲ್ಲೊಂದು ಹಾಳೆ ಇಲ್ಲವಲ್ಲ?"

"ನಾನೇ ಹರಿದೆ ಸರ್."

"ಯಾಕೆ?"

ಅವನು ಕಿಟಕಿಯ ಹೊರಗೆ ಕಣ್ಣು ನೆಟ್ಟ.

ಮುಖ್ಯಸ್ಥರು ಜೋರು ಮಾಡಲಿಲ್ಲ. ಜೋರು ಮಾಡುವುದಕ್ಕಿಂತ ಕೆಟ್ಟದಾಗಿ, ಮೆಲ್ಲಗೆ ಹೇಳಿದರು. ಪುಸ್ತಕದ ಹಾಳೆ ಹರಿಯುವುದು ಒಂದೇ ಕಾರಣಕ್ಕೆ, ಗುಂಡಿಯಲ್ಲಿ ಸಿಕ್ಕಿದ ವಸ್ತು ಹೊರಗೆ ಹೋದಾಗ. ಹನ್ನೆರಡು ವರ್ಷ ನಂಬಿದ್ದಕ್ಕೆ ಒಳ್ಳೆಯ ಬಹುಮಾನ ಕೊಟ್ಟೆ ಎಂದರು. "ನಾಳೆಯಿಂದ ಬರಬೇಡ."

ಅವನು ತಲೆ ಬಾಗಿಸಿದ. ಅವಳತ್ತ ನೋಡಲೇ ಇಲ್ಲ. ಮೆಟ್ಟಿಲಿಳಿಯುವ ಸದ್ದು ದೂರವಾಯಿತು.

ಅವಳು ಆಗಲೂ ಮಾತಾಡಲಿಲ್ಲ. ಓದುಗರೇ, ಅವಳ ಪರ ವಹಿಸಬೇಕೆಂದು ನನಗೂ ಆಸೆ, ಆದರೆ ಏನು ಮಾಡಲಿ, ಅವಳು ಮಾತಾಡಲಿಲ್ಲ. ಕಳ್ಳ ಅನ್ನಿಸಿಕೊಂಡು ಹೋದದ್ದು ಅವನು, ಕಳ್ಳಿ ಇಲ್ಲೇ ಕುಂಚ ಹಿಡಿದು ಕೂತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು.

ಮುಖ್ಯಸ್ಥರು ಎದ್ದುಹೋದರು. ಅವನು ಅಂದು ತಂದಿದ್ದ ಟ್ರೇ ಮೇಜಿನ ಮೇಲಿತ್ತು. ಕಣ್ಣೊರೆಸಿಕೊಂಡು ಚೂರುಗಳನ್ನು ಸರಿಸಿದಾಗ ತಳದಲ್ಲಿ ಮಡಿಸಿದ ಹಾಳೆ ಸಿಕ್ಕಿತು. ಪೂರ್ತಿ ಮೀನು. ಬಾಲ ಎರಡಾಗಿ ಸೀಳಿ, ತುದಿ ಒಂಚೂರು ಮೇಲಕ್ಕೆದ್ದಿತ್ತು. ಪಕ್ಕದಲ್ಲಿ ಅಳತೆ, ತಾರೀಖು. ಕೆಳಗೆ ಹೊಸ ಶಾಯಿಯಲ್ಲಿ ಎರಡು ಸಾಲು.

'ಅವತ್ತು ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ತೆಗೆದೆ. ಮೊದಲು ನಿಮ್ಮನ್ನೇ ಕೇಳಬೇಕಿತ್ತು. ಇದು ನಿಮ್ಮ ಹತ್ತಿರ ಇರಲಿ, ಇದರ ಬಗ್ಗೆ ಯಾರಿಗೂ ಹೇಳುವುದಿಲ್ಲ.'

ಹೆದರಿಸಲು ಬರುತ್ತಿದ್ದಾನೆ ಎಂದುಕೊಂಡಿದ್ದಳಲ್ಲ, ಅವನು ಬರುತ್ತಿದ್ದದ್ದು ಕ್ಷಮೆ ಕೇಳಲು! ಒಂದು ಹಾಳೆಯನ್ನೂ ಹರಿಯದವನು ಅವಳಿಗಾಗಿ ಹರಿದಿದ್ದ. ಅವಳ ಮೌನ ಒಬ್ಬ ನೇರ ಮನುಷ್ಯನನ್ನು ಸುಳ್ಳಿಗೆ ನೂಕಿತ್ತು. ಇಷ್ಟು ದಿನ ಅವಳಿಗಿದ್ದದ್ದು ಸಿಕ್ಕಿಬೀಳುವ ಭಯ. ನಿಜವಾದ ನಾಚಿಕೆ ಈಗ ಬಂತು, ಅದರ ಮುಂದೆ ಭಯ ನಿಲ್ಲಲಿಲ್ಲ.

ಹಾಳೆ, ಕುಂಚ, ದ್ರಾವಣದ ಸೀಸೆ ಹೆಗಲ ಚೀಲಕ್ಕೆ ಹಾಕಿ, ಗಡಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. ಅವರ ಮೇಜಿನ ಮೇಲಿಟ್ಟು, ಅಂಟು ಕರಗಿಸುವ ದ್ರಾವಣದಲ್ಲಿ ಕುಂಚ ಅದ್ದಿ ಮೀನಿನ ಸುತ್ತ ಸವರಿದಳು. ಅವರು "ಏನಿದು, ಏನು ಮಾಡ್ತಿದ್ದೀಯ" ಎಂದು ಎದ್ದು ನಿಂತರು. ಅವಳು ಮತ್ತೆ ಮತ್ತೆ ಸವರುತ್ತಲೇ ಇದ್ದಳು. ಚೂರು ಸಡಿಲಾಗಿ ಕೈಗೆ ಬಂತು. ಅದನ್ನು ಆ ಹಾಳೆಯ ಚಿತ್ರದ ಮೇಲಿಟ್ಟಳು.

ತಲೆ ಕೂಡಿತು, ಬೆನ್ನು ಕೂಡಿತು. ಬಾಲದ ತುದಿ ಮಾತ್ರ ಚೂರಿನ ಆಚೆ, ಬರೀ ಹಾಳೆಯ ಮೇಲೆ ಉಳಿಯಿತು.

"ಅಲ್ಲಿ ನಾನು ಅರ ಹಾಕಿದ್ದೀನಿ ಸರ್," ಎಂದಳು. "ಇದು ಏಳನೇ ಗುಂಡೀದು. ಅವರು ಕದ್ದಿಲ್ಲ. ನನ್ನ ತಪ್ಪು ಮುಚ್ಚೋಕೆ ಹಾಳೆ ಹರಿದರು."

ಮುಖ್ಯಸ್ಥರು ಕುಳಿತರು. ಅವರ ಮುಂದೆ ಆ ಮೀನಿನ ಬಗ್ಗೆಯೇ ಬರೆದ ಕಾಗದಗಳ ಕಟ್ಟು ಇತ್ತು. ಕೊನೆಗೆ ಅವರು ಕಟ್ಟನ್ನು ಮೆಲ್ಲಗೆ ಬೋರಲು ಹಾಕಿದರು.

"ಇದು ಯಾವ ಗುಂಡೀದು ಅಂತ ನಾನೂ ಯಾರನ್ನೂ ಕೇಳಲಿಲ್ಲ," ಎಂದರು. ಆ ಮಾತಿಗೆ ಅವಳ ತಲೆ ಇನ್ನಷ್ಟು ತಗ್ಗಿತು.

ಶಿಕ್ಷೆ ತಪ್ಪಲಿಲ್ಲ, ತಪ್ಪಬಾರದು ಕೂಡ. ವಿಷಯವನ್ನು ಪತ್ರಿಕೆಗೆ ಅವಳ ಹೆಸರಿನಲ್ಲೇ ತಿಳಿಸಲಾಯಿತು. ಅಪ್ಪನ ಕುರ್ಚಿ ಹೋಯಿತು. ಒಂದು ವರ್ಷ ಗಡಿಗೆ ಮುಟ್ಟುವಂತಿಲ್ಲ, ಉತ್ಖನನದ ಜಾಗದಲ್ಲಿ ಚೂರು ತೊಳೆಯಬೇಕು ಎಂದಾಯಿತು. ಅಪ್ಪ ಪತ್ರಿಕೆ ಓದಿ, ನಡುಗುವ ಕೈಯನ್ನು ಅವಳ ತಲೆಯ ಮೇಲಿಟ್ಟು, ಊಟ ಮಾಡು ಎಂದರು. ಅವಳು ಅಂದು ಹೊಟ್ಟೆ ತುಂಬ ಉಂಡಳು.

ಏಳನೇ ಗುಂಡಿಯವನನ್ನು ವಾಪಸ್ಸು ಕರೆಸಿದರು. ಅವನ ಗುಂಡಿಯ ಪಕ್ಕದಲ್ಲೇ ಅವಳ ನೀರಿನ ತೊಟ್ಟಿ. ನಾಲ್ಕು ದಿನ ಅವಳು ತಲೆ ಎತ್ತಲಿಲ್ಲ. ಐದನೇ ದಿನ ಅವನೇ ಬಂದ, ಪುಸ್ತಕವನ್ನು ಅವಳ ಮುಂದೆ ಚಾಚಿದ.

"ಹಾಳೆ ಅದರ ಜಾಗಕ್ಕೆ ಸೇರಬೇಕಂತೆ. ನೀವೇ ಅಂಟಿಸಬೇಕಂತೆ. ಮುಖ್ಯಸ್ಥರ ಆರ್ಡರು."

ಅವಳ ಕೈ ತುಂಬ ಕೆಸರು. ಅವನು ಅದನ್ನು ನೋಡಿದ್ದು ಅವಳಿಗೂ ಗೊತ್ತಾಯಿತು. ತೊಟ್ಟಿಯ ಪಕ್ಕದ ಚೆಂಬೆತ್ತಿ ಅವನು ಅವಳ ಕೈಗೆ ನೀರು ಹಾಕಿದ. ಆ ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಲ್ಲಿನ ಮೇಲೆ ಕುಳಿತು, ಹರಿದ ಅಂಚಿಗೆ ಅಂಚು ಕೂಡಿಸಿ ತೆಳ್ಳಗೆ ಅಂಟು ಸವರಿದಳು.

"ಅವತ್ತು ಬಾಗಿಲಲ್ಲಿ ಯಾಕೆ ಹಾಗೆ ಬಾಯಿಬಿಟ್ಟೆ ಗೊತ್ತಾ?" ಎಂದ ಅವನು. "ನಿಮ್ಮನ್ನ ನೋಡೋಕೆ ಅಂತಲೇ ಬಂದಿದ್ದೆ. ದಾರಿ ಉದ್ದಕ್ಕೂ ಬೇರೆ ಮಾತು ಅಭ್ಯಾಸ ಮಾಡಿದ್ದೆ. ನಿಮ್ಮನ್ನ ಕಂಡ ತಕ್ಷಣ ಅದು ಮರೆತು, ಕಣ್ಣಿಗೆ ಕಂಡದ್ದು ಬಾಯಿಗೆ ಬಂತು."

"ಏನು ಅಭ್ಯಾಸ ಮಾಡಿದ್ರಿ?"

"ನಮಸ್ಕಾರ, ಏಳನೇ ಗುಂಡಿಯವನು ನಾನೇ, ಅಂತ."

"ಅಷ್ಟೇನಾ?"

"ಅಷ್ಟಕ್ಕೇ ಎರಡು ವರ್ಷ ಬೇಕಾಯ್ತು."

ಅವಳಿಗೆ ನಗು ಬಂತು. ನಗುತ್ತಲೇ ಅಳುವೂ ಬಂತು. "ನಿಮ್ಮ ಮುಖ ನೋಡೋಕೆ ನಂಗೆ ಇನ್ನೂ ನಾಚಿಕೆ ಆಗುತ್ತೆ," ಎಂದಳು. "ಮುಂದೆಯೂ ಆಗುತ್ತೇನೋ. ಆ ಬಾಲ ಇನ್ನು ಯಾವತ್ತೂ ಬರಲ್ಲ."

"ಬರಲ್ಲ," ಎಂದ ಅವನು. ಸುಳ್ಳು ಸಮಾಧಾನ ಹೇಳಲಿಲ್ಲ. ಅವಳ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತ. "ನಾಚಿಕೆ ಆದ್ರೆ ಆಗ್ಲಿ. ದೂರ ಮಾತ್ರ ಹೋಗ್ಬೇಡಿ. ನೀವಂದ್ರೆ ನಂಗೆ ಇಷ್ಟ, ಚೀಟಿ ಬರೆಯೋಕೆ ಶುರು ಮಾಡಿದಾಗಿಂದ."

ಅವಳು ತಲೆ ಎತ್ತಿದಳು. ಮೊದಲ ಸಲ ಆ ಮುಖವನ್ನು ಪೂರ್ತಿಯಾಗಿ, ಬೆನ್ನು ತಿರುಗಿಸದೆ ನೋಡಿದಳು.

ಅವನಿಗೇ ನಾಚಿಕೆಯಾಗಿ ಪುಸ್ತಕದತ್ತ ಕಣ್ಣಿಳಿಸಿದ. ಬೆರಳಿನಿಂದ ಹಾಳೆಯ ಅಂಚು ಮುಟ್ಟಿದ. "ಹರಿದ ಗೆರೆ ಕಾಣ್ತಾ ಇದೆಯಲ್ಲ."

"ಕಾಣ್ಲಿ ಬಿಡಿ," ಎಂದಳು ಅವಳು. "ಇನ್ನು ನಾನು ಏನನ್ನೂ ಮುಚ್ಚಲ್ಲ."

ಆ ಸಂಜೆ ಅವನು ತನ್ನ ಟ್ರೇಗಳನ್ನು ಕಟ್ಟುವಾಗ ಮೇಲಿನದರಲ್ಲಿ ಒಂದು ಚೀಟಿ ಕಂಡಿತು. ಅಂಟಿನ ಕಲೆಯಾಗಿದ್ದ ಅದರಲ್ಲಿ, ಅವಳ ಅಕ್ಷರದಲ್ಲಿ ಒಂದೇ ಪದ ಇತ್ತು.

'ಕೂಡಿದರು.'